ಪುಟ ಇನ್ನೂರ ಇಪ್ಪತ್ತೆಂಟು

ಸೋಮವಾರ ಮಧ್ಯಾಹ್ನ, ಯಾರದೋ ಕನ್ನಡಕದ ಗಾಜು ಒರೆಸುತ್ತಿದ್ದಾಗ ಮೆಸೇಜ್ ಬಂತು.

"ಮಾಸ್ಟ್ರೇ, ಮುಂದಿನ ಸಲದಿಂದ ನಾನು ಓದಿದ ಪುಸ್ತಕ ಚೈತನ್ಯಾ ಮೇಡಂಗೆ ಬೇಡ. ನೇರ ನಿಮಗೇ ಕಳಿಸ್ತೇನೆ. ಸರದಿ ಬದಲಿಸಿ ಕೊಡಿ. — ಶಿವಕೃಷ್ಣ, ಬೆಳ್ತಂಗಡಿ."

ಚೈತನ್ಯಾ ಎಂದರೆ ನಾನೇ. ಅದೇ ಗಾಜನ್ನು ಮೂರು ಸಲ ಒರೆಸಿದೆ.

ಬಿ.ಸಿ.ರೋಡಿನ ಕನ್ನಡಕದ ಅಂಗಡಿಯೊಂದರಲ್ಲಿ ನನ್ನ ಕೆಲಸ. "ಕೆಳಗಿನ ಸಾಲು ಓದಿ" ಎಂದು ದಿನವಿಡೀ ಊರವರಿಗೆಲ್ಲ ಹೇಳುವವಳು ನಾನು. ಸಂಜೆ ಬಾಡಿಗೆ ಕೋಣೆಗೆ ಹೋದರೆ ನನಗೆ ಹೇಳುವವರು ಯಾರೂ ಇಲ್ಲ. ಎರಡು ವರ್ಷದ ಮದುವೆ ಮುಗಿದು ಏಳು ವರ್ಷವಾಯಿತು. ಒಬ್ಬರಿಗೆ ಅನ್ನ ಮಾಡುವುದು ಎಷ್ಟು ಕಷ್ಟ ಎಂದು ಒಬ್ಬರೇ ಇರುವವರಿಗೆ ಮಾತ್ರ ಗೊತ್ತು. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಒಂದು ಹಿಡಿ ಉಳಿಯುತ್ತದೆ.

ಹಾಗಾಗಿ ಮೂಡುಬಿದಿರೆಯ ಪದ್ಮಯ್ಯ ಮಾಸ್ಟ್ರ ಪುಸ್ತಕ ಓದುವ ವಾಟ್ಸಾಪ್ ಗ್ರೂಪಿಗೆ ಸೇರಿದ್ದು. ನಾವು ಹನ್ನೊಂದು ಜನ. ಮಾಸ್ಟ್ರು ನಿವೃತ್ತರಾದರೂ ಅವರ ಕೈಯ ಬೆತ್ತ ನಿವೃತ್ತವಾಗಿಲ್ಲ. ಗುಡ್ ಮಾರ್ನಿಂಗ್ ಇಲ್ಲ, ಹೂವಿನ ಚಿತ್ರ ಇಲ್ಲ. ಸಂಜೆ ಏಳಕ್ಕೆ ಎಲ್ಲರೂ ಬರೆಯಬೇಕು: ಯಾವ ಪುಸ್ತಕ, ಎಷ್ಟನೇ ಪುಟ, ಅದರ ಬಗ್ಗೆ ಒಂದು ವಾಕ್ಯ. ಓದಿ ಮುಗಿದ ಪುಸ್ತಕ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮುಂದಿನವರಿಗೆ ಹೋಗುತ್ತದೆ. ಬೆಳ್ತಂಗಡಿಯ ಶಿವಕೃಷ್ಣರಿಂದ ನನಗೆ, ನನ್ನಿಂದ ಮಾಸ್ಟ್ರಿಗೆ. ಪೆನ್ಸಿಲಿನಲ್ಲಿ ಅಂಚಿನಲ್ಲಿ ಏನಾದರೂ ಬರೆಯಬಹುದು, ಆದರೆ ಮುಂದೆ ಕಳಿಸುವ ಮೊದಲು ಎಲ್ಲ ಅಳಿಸಿಬಿಡಬೇಕು.

ಶಿವಕೃಷ್ಣ ಅಳಿಸಲಿಲ್ಲ.

ಮೊದಲ ಪುಸ್ತಕದ ಮೂವತ್ತೊಂದನೇ ಪುಟದಲ್ಲಿ ಸಣ್ಣ, ಓರೆ ಅಕ್ಷರ: "ಈ ಅಜ್ಜಿ ಸುಳ್ಳು ಹೇಳ್ತಾ ಇದ್ದಾಳೆ. ನಿಮಗೆ ಗೊತ್ತಾಯ್ತಾ?"

ಸಂಜೆ ನಾನು ಗ್ರೂಪಿನಲ್ಲಿ ಬರೆದೆ: "ಪುಟ 31. ಗೊತ್ತಾಯಿತು."

"ಏನು ಗೊತ್ತಾಯಿತು? ವಾಕ್ಯ ಪೂರ್ಣ ಬರೆಯಿರಿ," ಎಂದರು ಮಾಸ್ಟ್ರು.

ಹಾಗೆ ಶುರುವಾಯಿತು. ಶಿವಕೃಷ್ಣರದು ಮೈಕ್ ಸೆಟ್ ಕೆಲಸ. ಊರವರ ಮದುವೆ ಮುಂಜಿಗಳಲ್ಲಿ ಆಂಪ್ಲಿಫಯರ್ ಹಿಂದೆ ಕೂತು ಓದುವ ಮನುಷ್ಯ. "ಇಲ್ಲಿ ಎರಡು ಬಗೆ ಪಾಯಸ ಉಂಟು. ಮೈಕಿನವನನ್ನು ಊಟಕ್ಕೆ ಕರೆಯಲು ಮರೆತಿದ್ದಾರೆ," ಎಂದು ಒಮ್ಮೆ ಬರೆದಿದ್ದರು. ಅದನ್ನು ಓದಿ ನಕ್ಕೆ. ನಾವು ಮುಖ ನೋಡಿದವರಲ್ಲ, ಫೋನ್ ಮಾಡಿದವರಲ್ಲ. ಅವರದು ಅಂಚಿನಲ್ಲಿ ಪ್ರಶ್ನೆ, ನನ್ನದು ಗ್ರೂಪಿನಲ್ಲಿ ಉತ್ತರ.

ಈಗಿನ ಪುಸ್ತಕ ಇನ್ನೂರ ನಲವತ್ತು ಪುಟದ್ದು. ನೂರ ಐವತ್ತಾರರಲ್ಲಿ ಕೇಳಿದ್ದರು: "ಒಬ್ಬರೇ ಊಟ ಮಾಡುವಾಗ ಪುಸ್ತಕ ಎಲ್ಲಿ ಇಡ್ತೀರಿ?"

"ಪುಟ 156. ನೀರಿನ ಚೊಂಬಿಗೆ ಒರಗಿಸಿ."

"ಚೈತನ್ಯಾ, ಇದು ಕಥೆಯಲ್ಲಿ ಎಲ್ಲಿ ಬರುತ್ತದೆ?" ಎಂದು ಮಾಸ್ಟ್ರು.

ಅಲ್ಲಿಂದ ಮುಂದೆ ನನ್ನ ಓದು ನಿಧಾನವಾಯಿತು. ದಿನಕ್ಕೆ ಇಪ್ಪತ್ತು ಪುಟದವಳು ಐದು ಪುಟಕ್ಕೆ ಇಳಿದೆ, ಮತ್ತೆ ಅರ್ಧ ಪುಟಕ್ಕೆ. ಮುಂದಿನ ಪುಟ ತಿರುವಿ ಕದ್ದು ನೋಡಲೂ ಇಲ್ಲ. ಮುಗಿದರೆ ಪುಸ್ತಕ ಮೂಡುಬಿದಿರೆಗೆ ಹೋಗುತ್ತದೆ, ಆ ಓರೆ ಅಕ್ಷರಗಳನ್ನು ನನ್ನ ಕೈಯಾರೆ ಉಜ್ಜಬೇಕಾಗುತ್ತದೆ. "ಪುಟ 190." "ಪುಟ 190." "ಪುಟ 191." ಎರಡು ವಾರ ಹೀಗೇ ಬರೆದೆ.

ಶಿವಕೃಷ್ಣರಿಗೆ ಇದು ಹೇಗೆ ಕಾಣಬಹುದು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಸೋಮವಾರ ಆ ಮೆಸೇಜ್ ಓದಿದವಳೇ ಬ್ಯಾಗಿನಿಂದ ಪುಸ್ತಕ ತೆಗೆದು ಉಳಿದ ಪುಟಗಳನ್ನು ತಿರುವಿದೆ. ಇನ್ನೂರ ಮೂರರಲ್ಲಿ: "ಇಲ್ಲಿಗೆ ಬಂದ್ರಾ? ಸುಸ್ತಾಯ್ತಾ?" ಇನ್ನೂರ ಹದಿನೇಳರಲ್ಲಿ: "ಇನ್ನು ಸ್ವಲ್ಪ. ನನಗೆ ಹೆದರಿಕೆ ಆಗ್ತಾ ಉಂಟು." ಇನ್ನೂರ ಇಪ್ಪತ್ತೆಂಟರಲ್ಲಿ ಅಕ್ಷರ ಓರೆಯಾಗಿರಲಿಲ್ಲ. ನೆಟ್ಟಗೆ, ಶಾಲೆಯ ಕಾಪಿಯಂತೆ ಇತ್ತು.

"ಹದಿನೇಳನೇ ತಾರೀಕು ಭಾನುವಾರ ಪೊಳಲಿಯಲ್ಲಿ ಒಂದು ಮದುವೆಗೆ ಮೈಕ್ ಉಂಟು. ಮೂರು ಗಂಟೆಗೆ ವಯರ್ ಸುತ್ತಿ ಆಗ್ತದೆ. ಆಮೇಲೆ ಹೊಳೆ ಬದಿಯಲ್ಲಿ ಒಂದು ಚಾ ಕುಡಿಯುವ. ಬರುವುದಾದರೆ ಈ ಪುಟದ ನಂಬ್ರ ಗ್ರೂಪಿನಲ್ಲಿ ಹಾಕಿ. ಬೇಡ ಅಂದರೆ ರಬ್ಬರ್ ಉಂಟಲ್ಲ."

ಗೋಡೆಯ ಕ್ಯಾಲೆಂಡರ್ ನೋಡಿದೆ. ಹದಿನೆಂಟು.

ನಿನ್ನೆ ಮೂರು ಗಂಟೆಗೆ ನಾನು ಏನು ಮಾಡುತ್ತಿದ್ದೆ? ಕೋಣೆಯಲ್ಲಿ ಒಬ್ಬಳೇ ಬಟ್ಟೆ ಮಡಚುತ್ತಿದ್ದೆ. ಪೊಳಲಿ ಇಲ್ಲಿಂದ ಅರ್ಧ ಗಂಟೆ.

ಏಳು ಗಂಟೆಗೆ ಬರೆದೆ: "ಪುಟ 228."

ಶಿವಕೃಷ್ಣ ಓದಿದ ಗುರುತು ಬಂತು. ಒಂದು ದಿನ ತಡವಾದ ನಂಬ್ರ ಅವರಿಗೆ ಬರೇ ಪುಟದ ಲೆಕ್ಕವಾಗಿ ಕಂಡಿರಬೇಕು. ಉತ್ತರ ಬಂದದ್ದು ಮಾಸ್ಟ್ರದು: "ಶಿವಕೃಷ್ಣರ ಕೋರಿಕೆ ಒಪ್ಪಿದೆ. ಒಂದನೇ ತಾರೀಕಿನಿಂದ ಹೊಸ ಸರದಿ."

ಶಿವಕೃಷ್ಣರ ನಂಬರ್ ಇತ್ತು, ಫೋನ್ ಮಾಡಬಹುದಿತ್ತು. ಆದರೆ ಏನು ಹೇಳುವುದು? ನಮಗಿಬ್ಬರಿಗೂ ಬಾಯಿಯಲ್ಲಿ ಮಾತಾಡಿ ಅಭ್ಯಾಸವೇ ಇರಲಿಲ್ಲ.

ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತೆಲ್ಲ ಪೆನ್ಸಿಲ್ ಹಿಡಿದು ಕೂತೆ. ಅವರು ಬರೆದಲ್ಲೆಲ್ಲ, ಅದರ ಕೆಳಗೇ, ನಾನೂ ಬರೆದೆ. ಪಾಯಸದ ಹುಡುಗಾಟವಿದ್ದ ಪುಸ್ತಕ ಎಂದೋ ಮಾಸ್ಟ್ರಿಗೆ ಹೋಗಿತ್ತು, ಆದರೂ ಒಂಬತ್ತನೇ ಪುಟದಲ್ಲಿ ಜಾಗ ಕಂಡು, "ನಾನು ಕರೆಯುತ್ತೇನೆ ಊಟಕ್ಕೆ. ಹೇಗೂ ದಿನಾ ಒಂದು ಹಿಡಿ ಉಳಿಯುತ್ತದೆ," ಎಂದು ಬರೆದೆ. ಇನ್ನೂರ ಇಪ್ಪತ್ತೆಂಟರಲ್ಲಿ: "ನಾನು ನಿಧಾನ ಓದಿದ್ದು ಬೇಸರಕ್ಕಲ್ಲ. ನೀವು ಮುಗಿಯಬಾರದು ಎಂದು. ಮುಂದಿನ ಮದುವೆ ಎಲ್ಲಿ?"

ರಬ್ಬರ್ ಡ್ರಾಯರಿನಲ್ಲೇ ಇತ್ತು. ಮುಟ್ಟಲಿಲ್ಲ.

ಸಂಜೆ ನಾಲ್ಕರ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಮೂಸಾಕ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಇದು ಮೂಡುಬಿದಿರೆ ಬಸ್ಸಿಗಲ್ವಾ ತಂಗೀ?"

"ಅಲ್ಲ. ಬೆಳ್ತಂಗಡಿಗೇ."

"ಅಲ್ಲಿಂದ ಪುಸ್ತಕ ಬರುವುದು ಗೊತ್ತುಂಟು. ವಾಪಸ್ ಹೋದದ್ದು ಇಲ್ವಲ್ಲ!"

"ಇವತ್ತು ಹೋಗ್ತದೆ."

"ಅವ ನಿನ್ನೆಯಿಂದ ಸ್ಟ್ಯಾಂಡಿಗೇ ಬರ್ಲಿಲ್ಲ ಮಾರಾಯ್ತಿ. ಮೊದಲು ಬಸ್ಸು ನಿಲ್ಲುವ ಮುಂಚೆ ಓಡಿ ಬರ್ತಿದ್ದ, 'ಮೂಸಾಕ, ಮೇಡಂ ಏನಾದ್ರೂ ಹೇಳಿದ್ರಾ' ಅಂತ. ನಾನು ಏನು ಹೇಳುದು? ನೀವು ನನ್ನ ಹತ್ರ ಹೇಳಿದ್ದು ಒಂದೇ, 'ಪುಸ್ತಕ ಒದ್ದೆ ಮಾಡಿ ತರ್ಬೇಡಿ'."

ನಾನು ನೆಲ ನೋಡಿದೆ. "ಮೂಸಾಕ, ಅವರು ನೋಡ್ಲಿಕ್ಕೆ ಹೇಗಿದ್ದಾರೆ?"

"ಹೇಗಿರುದು? ಎರಡು ಕಿವಿ ಉಂಟು," ಎಂದು ಗಂಭೀರವಾಗಿ ಹೇಳಿ, ವಿಸಿಲ್ ಬಾಯಿಗಿಟ್ಟವರು ಮತ್ತೆ ತೆಗೆದರು. "ಒಂದರ ಮೇಲೆ ಯಾವಾಗಲೂ ಪೆನ್ಸಿಲ್. ಅವನ ಮೈಕಿನ ಅಂಗಡಿಗೇ ಹೋಗಿ ಕೊಡ್ತೇನೆ, ಆಯ್ತಾ?"

ಬಸ್ಸು ಹೋಯಿತು. ಕೈ ಖಾಲಿ ಅನಿಸಿತು. ಆ ರಾತ್ರಿ ಊಟಕ್ಕೆ ಕೂತಾಗ ಚೊಂಬು ಇತ್ತು, ಒರಗಿಸಲು ಏನೂ ಇರಲಿಲ್ಲ. ಏಳು ವರ್ಷದಲ್ಲಿ ಅಷ್ಟು ಉದ್ದದ ಊಟ ನಾನು ಮಾಡಿಲ್ಲ.

ಬುಧವಾರ ಏಳಕ್ಕೆ ಏನೂ ಬರಲಿಲ್ಲ. ಗುರುವಾರವೂ ಇಲ್ಲ. ಬೇರೆಯವರ ಪುಟಗಳು ಬಂದವು, ಮಾಸ್ಟ್ರು ಅವರ ವಾಕ್ಯ ತಿದ್ದಿದರು. ಕಾಯಿಸುವುದೆಂದರೆ ಏನೆಂದು ಆಗ ನನಗೆ ಅರ್ಥವಾಯಿತು.

ಶುಕ್ರವಾರ ಏಳಕ್ಕೆ ಒಂದು ನಿಮಿಷ ಇರುವಾಗ ಫೋನ್ ಮಿನುಗಿತು.

"ಪುಟ 9. ಎರಡು ದಿನ ದೂರದ ಮದುವೆಯಲ್ಲಿದ್ದೆ, ಪುಸ್ತಕ ಇವತ್ತು ಸಿಕ್ಕಿತು. — ಶಿವಕೃಷ್ಣ."

ಏಳೂ ಹತ್ತಕ್ಕೆ ಮತ್ತೊಂದು.

"ಪುಟ 228. ನಿಧಾನ ಓದುವುದು ನನ್ನಿಂದ ಆಗುವುದಿಲ್ಲ. ಸಿದ್ಧಕಟ್ಟೆ, ಭಾನುವಾರ, ಮೂರು ಗಂಟೆ. ಮಾಸ್ಟ್ರೇ, ಸರದಿ ಮೊದಲಿನ ಹಾಗೇ ಇರಲಿ."

ಮಾಸ್ಟ್ರು ಬಹಳ ಹೊತ್ತು ಟೈಪ್ ಮಾಡಿದರು. ನಿಲ್ಲಿಸಿದರು. ಮತ್ತೆ ಮಾಡಿದರು.

"ಇರಲಿ. ಆದರೆ ಆ ಪುಸ್ತಕ ನಾನೂ ಎರಡು ಸಲ ಓದಿದ್ದೇನೆ. ಸಿದ್ಧಕಟ್ಟೆ ಅದರ ಯಾವ ಪುಟದಲ್ಲೂ ಬರುವುದಿಲ್ಲವಲ್ಲ?"

ನಾನು ಅಕ್ಕಿ ತೊಳೆಯುತ್ತಿದ್ದೆ. ಒದ್ದೆ ಕೈಯಲ್ಲೇ ಉತ್ತರ ಬರೆದೆ.

"ಇನ್ನು ಬರುತ್ತದೆ ಮಾಸ್ಟ್ರೇ."