ಗೋಲಿನ ಮುಂದೆ ಕಣ್ಣು ಮುಚ್ಚಿದವಳು

ಅವಳು ಅವನ ಮುಖವನ್ನು ಮೊದಲ ಬಾರಿ ಕಂಡದ್ದು ಉಸಿರು ನಿಂತುಹೋಗಿದ್ದಾಗ.

ಮಂಗಳವಾರ ಬೆಳಗ್ಗೆ ಆರೂವರೆ. ಯಿಹ್ಲಾವಾ ಪಟ್ಟಣದ ಐಸ್ ಅಂಗಣದಲ್ಲಿ ಕೆಲಸಕ್ಕೆ ಹೋಗುವವರ ಹಾಕಿ ತಂಡ ಎಂದಿನಂತೆ ಅಭ್ಯಾಸ ಮಾಡುತ್ತಿತ್ತು. ಗೋಲಿನಲ್ಲಿ ಬ್ಲಾಂಕಾ. ಎಂಟು ಗಂಟೆಯಾದರೆ ಅವಳು ಹಲ್ಲಿನ ಡಾಕ್ಟರು, ಅಲ್ಲಿಯವರೆಗೆ ಗೋಲ್‌ಕೀಪರ್. ಆವತ್ತು ತಂಡಕ್ಕೆ ಹೊಸಬನೊಬ್ಬ ಬಂದಿದ್ದ. ಅವನು ಕೋಲು ಬೀಸಿದ್ದು ಅವಳಿಗೆ ಕಂಡಿತು. ಚೆಂಡಿನ ಬದಲು ಆಡುವ ರಬ್ಬರಿನ ಬಿಲ್ಲೆ ಕಾಣಲಿಲ್ಲ.

ಮುಖಕವಚದ ಕೆಳಗೆ, ಸರಿಯಾಗಿ ಗಂಟಲಿಗೆ...

ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಐಸಿನ ಮೇಲೆ ಅಂಗಾತ ಬಿದ್ದು ಅವಳು ಎಣಿಸಿದಳು. ಒಂದು, ಎರಡು, ಮೂರು... ಏಳರ ಹೊತ್ತಿಗೆ ಕವಚದ ಕಂಬಿಗಳ ಆಚೆ ಒಂದು ಮುಖ ಬಾಗಿತು. ಸುಣ್ಣದಂತೆ ಬಿಳಿಚಿದ ಮುಖ, ಗಲ್ಲದಲ್ಲಿ ಹಳೆಯ ಹೊಲಿಗೆಯ ಗುರುತು.

"ಉಸಿರಾಡು," ಅಂದ ಅವನು. "ದಯವಿಟ್ಟು... ಉಸಿರಾಡು."

ಹನ್ನೊಂದಕ್ಕೆ ಉಸಿರು ಬಂತು.

ಎರಡು ವಾರ ಅವಳಿಗೆ ದನಿಯೇ ಇರಲಿಲ್ಲ. ಬಾಯಿ ತೆಗೆಯಿರಿ ಎಂದು ರೋಗಿಗಳಿಗೆ ನರ್ಸ್ ಹೇಳಬೇಕಾಯಿತು. ರೋಗಿಗಿಂತ ಗಪ್‌ಚಿಪ್ಪಾದ ಹಲ್ಲಿನ ಡಾಕ್ಟರನ್ನು ಇದೇ ಮೊದಲು ನೋಡಿದ್ದು ಎಂದು ತಂಡದ ನಾಯಕ, ಬೇಕರಿಯ ಕುಬಾಟ್ ಊರೆಲ್ಲ ಹೇಳಿಕೊಂಡು ನಕ್ಕ.

ಹೊಸಬನ ಹೆಸರು ಹಿನೆಕ್, ಭೂಮಾಪನ ಕಚೇರಿಯ ಎಂಜಿನಿಯರು ಎಂದೂ ಕುಬಾಟನೇ ತಿಳಿಸಿದ. ಹಿನೆಕ್ ಮೂರು ಸಂಜೆ ಕ್ಲಿನಿಕ್ಕಿನ ಬಾಗಿಲಿಗೆ ಬಂದ, ಕೈಯಲ್ಲಿ ಜೇನಿನ ಬಾಟಲಿ ಹಿಡಿದು. ಮೂರು ಸಲವೂ ಬ್ಲಾಂಕಾ ಒಳಗೆ ಬಿಟ್ಟುಕೊಳ್ಳಲಿಲ್ಲ.

ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಮುಖಕವಚದ ಕೆಳಗೆ ತೂಗಬೇಕಾದ ಗಂಟಲ ಪಟ್ಟಿ ಆವತ್ತು ಅವಳ ಕತ್ತಿನಲ್ಲಿ ಇರಲಿಲ್ಲ. ಅದರ ದಾರ ಹಿಂದಿನ ವಾರವೇ ಕಿತ್ತುಹೋಗಿತ್ತು. ಇವತ್ತು ಕಟ್ಟೋಣ, ನಾಳೆ ಕಟ್ಟೋಣ ಎಂದು ಮೇಜಿನ ಡ್ರಾಯರಿನಲ್ಲಿ ಹಾಕಿಟ್ಟಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ. ಅವನ ಆ ಬಿಳಿಚಿದ ಮುಖವನ್ನು ನೋಡುತ್ತಾ ಹೇಗೆ ಹೇಳುವುದು?

ದನಿ ಮರಳಿತು. ಪಟ್ಟಿ ಕಟ್ಟಿಕೊಂಡು ಅವಳೂ ಗೋಲಿಗೆ ಮರಳಿದಳು. ಹಿಂದೆ ತಿರುಗದೆಯೇ ಕಂಬಗಳ ಜಾಗ ತಿಳಿಯಲು ಕೋಲಿನಿಂದ ಎಡಗಂಬಕ್ಕೊಂದು, ಬಲಗಂಬಕ್ಕೊಂದು ಏಟು ಕೊಟ್ಟು ಬಗ್ಗಿ ನಿಂತಳು. ಮೊದಲ ಬಿಲ್ಲೆ ಬಂತು.

ಕಣ್ಣು ಮುಚ್ಚಿಕೊಂಡಿತು!

ಅವಳು ಮುಚ್ಚಿದ್ದಲ್ಲ, ತಾನಾಗಿಯೇ ಮುಚ್ಚಿಕೊಂಡಿತು. ಎರಡನೆಯದಕ್ಕೂ ಹಾಗೆಯೇ, ಹತ್ತನೆಯದಕ್ಕೂ ಹಾಗೆಯೇ. ದಿನವಿಡೀ ಕುರ್ಚಿಯ ಮೇಲಿನವರಿಗೆ ಹೆದರಬೇಡಿ ಎನ್ನುವವಳಿಗೆ ತನ್ನದೇ ರೆಪ್ಪೆಗಳಿಗೆ ಹೇಳಲಾಗಲಿಲ್ಲ. ಕ್ಲಿನಿಕ್ಕಿನಲ್ಲಿ ಒಂದು ತಟ್ಟೆ ಕೆಳಗೆ ಬಿದ್ದರೂ ಕೈ ಗಂಟಲಿಗೆ ಹೋಗುತ್ತಿತ್ತು. ಸೋಮವಾರ ಬಂತೆಂದರೆ ಊಟ ಸೇರುತ್ತಿರಲಿಲ್ಲ.

ಕವಚದ ಹಿಂದಿನ ಕಣ್ಣು ಯಾರಿಗೂ ಕಾಣುವುದಿಲ್ಲ ಎಂಬುದೊಂದೇ ಸಮಾಧಾನ. ಬಿಲ್ಲೆಗಳು ಬಲೆ ಸೇರುತ್ತಿದ್ದರೂ, ಕಾಲಿಗೆ ತುಕ್ಕು ಹಿಡಿದಿದೆ, ಸರಿಹೋಗುತ್ತದೆ ಎಂದ ಕುಬಾಟ್.

ಹಿನೆಕ್ ಮಾತ್ರ ಬಲೆಗೆ ಗುರಿಯಿಡುತ್ತಲೇ ಇರಲಿಲ್ಲ. ಅವನ ಹೊಡೆತಗಳೆಲ್ಲ ಕಂಬದಿಂದ ಒಂದು ಮೊಳ ಆಚೆ ಹೋಗುತ್ತಿದ್ದವು, ಪ್ರತಿ ಸಲ, ಒಂದೇ ಮೊಳ. ಊರಿನ ಗಡಿಯನ್ನು ಬೆರಳಗಲ ತಪ್ಪದಂತೆ ಅಳೆಯುವವನು!

ಐಸಿನ ಮೇಲೆ ತಂಡದ ಜಡ್ಜಿಗೂ ಅಂಚೆಯವನಿಗೂ ಎಲ್ಲರೂ 'ನೀನು' ಎನ್ನುತ್ತಿದ್ದರು. ಇವನೊಬ್ಬ ಮಾತ್ರ, "ಹುಷಾರಾಗಿದೀರಾ ಡಾಕ್ಟ್ರೇ?" ಎಂದು ಕೇಳಿ, ದೂರ ಜಾರಿಹೋಗುತ್ತಿದ್ದ.

'ಕನಿಕರ,' ಅಂದುಕೊಂಡಳು ಬ್ಲಾಂಕಾ. 'ಹೆಂಗಸು, ಪಾಪ, ಅನ್ನೋ ಕನಿಕರ.' ಎದೆ ಉರಿಯಿತು. ಆದರೂ ಬಾಗಿಲಿನಲ್ಲಿ ಆ ಗಲ್ಲದ ಗುರುತು ಕಾಣುವವರೆಗೆ ಅವಳು ಸ್ಕೇಟಿನ ದಾರ ಕಟ್ಟುತ್ತಲೇ ಇರುತ್ತಿದ್ದಳು. ಅದು ಅವಳ ಎರಡನೆಯ ಭಯ.

ಶನಿವಾರ ಪಕ್ಕದೂರಿನ ಮೇಲೆ ಪಂದ್ಯ. ಅದಕ್ಕೆ ಮೊದಲಿನ ಮಂಗಳವಾರ ಅವಳು ಕುಬಾಟ್‌ನನ್ನು ಬೆಂಚಿನ ಬಳಿ ಕರೆದು, ತನ್ನಿಂದಾಗದು, ಇವತ್ತೇ ಕೊನೆ ಎಂದಳು. ಅವನ ಚಹಾದ ಲೋಟ ಬಾಯಿಗೆ ಹೋಗದೆ ನಿಂತಿತು. ಬೇರೆ ಗೋಲ್‌ಕೀಪರ್ ಇರಲಿಲ್ಲ. ಆದರೂ ಅವನು ವಾದ ಮಾಡಲಿಲ್ಲ. ಹಿನೆಕ್‌ಗೆ ಮಾತ್ರ ನೀನೇ ಹೇಳು ಎಂದ.

ಅವನಿಗೇ ಯಾಕೆ ಎಂದಳು ಬ್ಲಾಂಕಾ.

"ಎರಡು ಬನ್ ತಗೊಳ್ಳೋಕೆ ಬಂದು ಅರ್ಧ ಗಂಟೆ ನಿಲ್ತಾನಮ್ಮ," ಅಂದ ಕುಬಾಟ್. "ಒಂದೇ ಪ್ರಶ್ನೆ, ನಿನ್ನ ಗಂಟಲು. ನನ್ನ ಬೇರೆ ಗಿರಾಕಿಗಳು ಓಡಿಹೋಗ್ತಿದಾರೆ."

ಎಲ್ಲರೂ ಬಟ್ಟೆ ಬದಲಿಸಲು ಹೋದರು. ಐಸ್ ನುಣುಪು ಮಾಡುವ ಗಾಡಿ ಬರಲು ಹತ್ತು ನಿಮಿಷವಿತ್ತು. ಬ್ಲಾಂಕಾ ಗೋಲಿನಿಂದ ಕದಲಲಿಲ್ಲ. ಬಿಲ್ಲೆಗಳನ್ನು ಆಯುತ್ತಿದ್ದ ಹಿನೆಕ್‌ನನ್ನು ಕರೆದಳು.

"ಯಾಕೆ ನನ್ನ ಮೇಲೆ ಹೊಡೆಯಲ್ಲ ನೀನು? ಕನಿಕರಾನಾ?"

ಅವನು ತಲೆ ತಗ್ಗಿಸಿದ.

"ನೀವು ಕಣ್ಣು ಮುಚ್ಕೋತೀರಾ ಡಾಕ್ಟ್ರೇ."

ಅವಳ ಕಾಲಡಿಯ ಐಸೇ ಬಿರುಕು ಬಿಟ್ಟಂತಾಯಿತು. ಗೊತ್ತಿತ್ತು... ಇವನಿಗೆ ಮೊದಲಿಂದಲೂ ಗೊತ್ತಿತ್ತು!

"ಯಾರಿಗೂ ಹೇಳಿಲ್ಲ," ಅಂದ ಅವನು. "ಅವರಿಗೆ ಕಾಣೋದೂ ಇಲ್ಲ. ಅವರೆಲ್ಲ ಬಲೆ ನೋಡ್ತಾರೆ, ನಾನು ನಿಮ್ಮನ್ನ ನೋಡ್ತೀನಿ. ಕಣ್ಣು ಮುಚ್ಚಿರೋವಾಗ ಹೇಗೆ ಹೊಡೀಲಿ? ಆವತ್ತು ಹನ್ನೊಂದು ಸೆಕೆಂಡು... ನಾನೂ ಎಣಿಸ್ತಿದ್ದೆ. ಈಗಲೂ ಎಣಿಸ್ತಾನೇ ಇದೀನಿ."

ಇನ್ನು ಮುಚ್ಚಿಡುವುದು ಅವಳಿಂದ ಆಗಲಿಲ್ಲ. ಕಿತ್ತುಹೋದ ದಾರ, ಡ್ರಾಯರು, ನಾಳೆ ನಾಳೆ ಎಂದದ್ದು, ಎಲ್ಲವನ್ನೂ ಹೇಳಿದಳು. ಇಷ್ಟು ದಿನ ಅವನು ಹೊತ್ತ ತಪ್ಪು ಅವನದಲ್ಲ, ತನ್ನದು ಎಂದಳು. ಈಗ ಸಿಟ್ಟಾಗುತ್ತಾನೆ, ಹೊರಟುಹೋಗುತ್ತಾನೆ ಎಂದು ಕಾದಳು.

ಅವನು ಹತ್ತಿರ ಬಂದ. ಕೈಗವಸು ಕಳಚಿ ಅವಳ ಗಂಟಲ ಪಟ್ಟಿಯನ್ನು ಮೆಲ್ಲಗೆ ಎಳೆದು ನೋಡಿದ. ದಾರಕ್ಕೆ ಇನ್ನೊಂದು ಗಂಟು ಹಾಕಿದ.

"ಹೊಡಿ," ಅಂದಳು. "ಆವತ್ತಿನ ಹಾಗೇನೇ."

"ನಂಗೆ ಭಯ ಆಗತ್ತೆ."

"ನಂಗೂ. ಮೂರು ಎಣಿಸ್ತೀನಿ."

ಅವನು ಹಿಂದೆ ಸರಿದ. ಎಡಗಂಬಕ್ಕೊಂದು ಏಟು, ಬಲಗಂಬಕ್ಕೊಂದು. ಅವಳು ಬಗ್ಗಿ ನಿಂತಳು. 'ಅವನ ಕಡೆ ನೋಡು,' ಅಂದುಕೊಂಡಳು. 'ಮೊದಲು ಅವನ ಕಡೆ ನೋಡು. ಆಮೇಲೆ ಬಿಲ್ಲೆ.'

ಒಂದು... ಎರಡು... ಮೂರು.

ಅವನು ಕೋಲು ಬೀಸಿದ. ರೆಪ್ಪೆ ಅದುರಿತು, ಮುಚ್ಚಲಿಲ್ಲ. ಕರಿಯ ಬಿಲ್ಲೆ ಗಿರಗಿರನೆ ತಿರುಗುತ್ತಾ ಬಂತು. ಅದರ ಅಂಚಿನ ಬಿಳಿ ಗೀರು ಕೂಡ ಅವಳಿಗೆ ಕಂಡಿತು. ಎಡಗೈ ತಾನಾಗಿ ಮೇಲೆದ್ದಿತು. ಧಪ್!

ಅಂಗೈ ಚುರ್ರೆಂದಿತು. ಕೈಗವಸು ಬಿಡಿಸಿ ನೋಡಿದಳು, ಬಿಲ್ಲೆ ಅಲ್ಲೇ ಇತ್ತು. ಕವಚವನ್ನು ಮೇಲಕ್ಕೆತ್ತಿದಾಗ ಕೆನ್ನೆ ಒದ್ದೆಯಾಗಿತ್ತು.

ಅವನು ಇನ್ನೂ ಅಲ್ಲೇ ಕಲ್ಲಿನಂತೆ ನಿಂತಿದ್ದ. ಅವನ ಬಾಯಿಂದ ಹಬೆಯೂ ಏಳುತ್ತಿರಲಿಲ್ಲ. ಅವಳು ಜಾರಿಕೊಂಡು ಹೋಗಿ ಅವನ ಎದೆಯ ಮೇಲೆ ಕೈಯಿಟ್ಟಳು.

"ಉಸಿರಾಡು, ಹಿನೆಕ್."

ದೊಡ್ಡ ಬಿಳಿ ಹಬೆ ಹೊರಬಂದು ಇಬ್ಬರ ಮುಖವನ್ನೂ ಮುಚ್ಚಿತು. ಅದರೊಳಗಿಂದಲೇ ಅವನು ಕೇಳಿದ.

"ಭಯ ಹೋಯ್ತಾ ನಿಂಗೆ?"

ಆವತ್ತಿನ ನಂತರ ಮೊದಲ ಬಾರಿ ಅವನು ಅವಳನ್ನು ಏಕವಚನದಲ್ಲಿ ಕರೆದಿದ್ದ.

"ಇಲ್ಲ. ನಿಂಗೆ?"

"ನಂಗೂ ಇಲ್ಲ."

ಅವಳು ಬಿಲ್ಲೆಯನ್ನು ಅವನ ಬರಿಗೈಯೊಳಗೆ ಇಟ್ಟು, ಬೆರಳುಗಳನ್ನು ಮಡಿಚಿದಳು.

"ಹಾಗಾದ್ರೆ ಇನ್ನೊಂದು ಹೊಡಿ."