ಹೊಂದ್ಕೊಂಡು ಹೋಗಬೇಕಾಗತೈತಿ

“ಯಾಕ ಬಂದೀರಿ ಇಲ್ಲಿಗೆ?”

ಭೂತನಾಳ ಕೆರೆಯ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಶೈಲಾ ಕೇಳಿದಳು. ಕೈಯಲ್ಲಿ ಒದ್ದಾಡುವ ಮೀನು, ಮೂಗಿನ ತುದಿಯಲ್ಲಿ ಸಿಟ್ಟು.

ದಂಡೆಯ ಮೇಲೆ ನಿಂತವನು ಸತೀಶಕುಮಾರ. ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ನಿನ್ನೆ ತಾನೇ ಅವಳನ್ನು ನೋಡಲು ಬಂದು, ಅವಲಕ್ಕಿ ತಿಂದು, ತುಟಿ ಪಿಟಕ್ಕೆನ್ನದೆ ಎದ್ದು ಹೋದ ಮಹಾರಾಯ!

ಶೈಲಾಳ ಓದು ಮೀನಿನದು. ಹೊಳೆಯಿಂದ ಕಾಲುವೆ ಹಿಡಿದು ಬಂದ ಮೀನು ಹೊಸ ನೀರಿನಲ್ಲಿ ಹೇಗೆ ಬದುಕುತ್ತದೆ, ತಲೆಮಾರು ಕಳೆದಂತೆ ಅದರ ವಂಶವಾಹಿ ಹೇಗೆ ಬದಲಾಗುತ್ತದೆ ಅನ್ನುವುದು. ಮೀನಿನ ವಾಸನೆಯೂ ಆಗದ ಮನೆತನದಲ್ಲಿ ಹಟ ಹಿಡಿದು ಗಳಿಸಿಕೊಂಡ ಓದು ಅದು. ಬಿಡು ಅಂದರೆ ಜೀವ ಬಿಟ್ಟಂತೆ.

“ಸಂಬಂಧ ತಂದ ಸುಭಾಷ ಕಾಕಾನ ಕಡೆ ಹೇಳಿ ಕಳ್ಸೀರಲ್ಲ, ‘ಹೊಂದ್ಕೊಂಡು ಹೋಗಬೇಕಾಗತೈತಿ’ ಅಂತ. ಅಂದ್ರ ಮೀನು ಬಿಡು, ಒಲಿ ಮುಂದ ಕುಂದ್ರು ಅಂತ, ಹೌದಲ್ಲ?”

“ಅಲ್ರಿ, ನಾ…”

“ಸುಮ್ನಿರ್ರಿ. ಮೀನಿಗೂ ಹೊಂದ್ಕೊಳ್ಳಾಕ ತಲಿಮಾರು ಬೇಕು. ನನಗ ಮಾತ್ರ ತಾಳಿ ಕಟ್ಟಿದ ಮರುದಿನಾನ ಆಗಬೇಕೇನು?”

‘ನಿನ್ನೆ ಇವನ ಕಣ್ಣು ನೋಡಿ ಒಳ್ಳೆಯವನು ಅಂದುಕೊಂಡೆನಲ್ಲ… ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತು?’ ಅವಳ ಕಣ್ಣು ತುಂಬಿತು. ಅದಕ್ಕೂ ಸಿಟ್ಟು ಬಂತು.

ಸತೀಶಕುಮಾರನ ಮುಖವೂ ಕೆಂಪಾಯಿತು.

“ಆ ಮಾತು ಹೇಳಿದ್ದು ಖರೆ. ಯಾರು ಹೊಂದ್ಕೋಬೇಕು ಅಂತ ಕಾಕಾ ಕೇಳಲಿಲ್ಲ. ನೀವೂ ಕೇಳಲಿಲ್ಲ.”

“ಯಾರು?”

“ನಾನ್ರಿ.”

ಹೊಂದಿಕೊಳ್ಳುವವಳು ಹೆಣ್ಣೇ ಅಂತ ಕಾಕಾ ತಿಳಿದಿದ್ದ. ರಾತ್ರಿಯೆಲ್ಲ ಸತೀಶಕುಮಾರನನ್ನು ಬೈದ ತಾನೂ ಹಾಗೇ ತಿಳಿದಿದ್ದಳಲ್ಲ! ಸಿಟ್ಟು ಈಗ ತನ್ನ ಕಡೆಗೇ ತಿರುಗಿತು.

“ನಿನ್ನೇನ ಬಾಯಿಬಿಟ್ಟು ಹೇಳಾಕ ಏನಾಗಿತ್ತು ನಿಮಗ?”

“ಅಂಜಿಕಿ ಆತ್ರಿ. ಈಗೂ ಐತಿ.”

ಅವನು ಪ್ಯಾಂಟು ಮಡಚಿ ನೀರಿಗಿಳಿದ. “ಕೊಡ್ರಿ ಇಲ್ಲಿ. ನಾ ಮೀನು ಹಿಡೀತೇನಿ, ನೀವು ನಿಮ್ಮ ಕೆಲಸ ಮಾಡ್ರಿ.”

ಶೈಲಾ ಮೀನು ಕೊಟ್ಟು, ವಂಶವಾಹಿಯ ಪರೀಕ್ಷೆಗೆಂದು ಅದರ ರೆಕ್ಕೆಯ ಚೂರು ತೆಗೆಯಲು ಕತ್ತರಿ ಹಿಡಿದಳು.

“ಕೈ ನಾರತಾವು. ನಿಮ್ಮವ್ವ ಒಳಗ ಬಿಡಂಗಿಲ್ಲ.”

“ಇಬ್ಬರೂ ಹೊರಗ ನಿಂದ್ರೂಣು. ಅಕಿನೂ ಹೊಂದ್ಕೊಳ್ತಾಳ.”

“ತಲಿಮಾರು ಬೇಕಾಗತೈತ್ರಿ ಅದಕ್ಕ…”

“ಯಾರಿಂದರ ಸುರು ಆಗಬೇಕಲ್ರಿ.”

ಶೈಲಾ ಸಿಟ್ಟಿನಲ್ಲೇ ನಕ್ಕಳು.

“ಬಿಗಿ ಹಿಡೀರಿ ಮತ್ತ. ಜಾರತೈತಿ.”

“ಬಿಡಂಗಿಲ್ರಿ.”