ಬಾಗಿಲ ಸಂದಿಯ ಒದ್ದೆ ಬಟ್ಟೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಮ್ಮ ಮೀನುಗಾರರ ಬೀದಿಯ ಕೊನೆಯಲ್ಲಿ ಅಣುಸ್ಥಾವರದವರು ನೆಟ್ಟ ಸೈರನ್ ಕಂಬವಿದೆ. ಅದು ಕೂಗಿದರೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಒಳಗಿರಬೇಕು. ಬರೀ ಪರೀಕ್ಷೆಗೆಂದು ಕೂಗಿದಾಗಲೂ ನಮ್ಮತ್ತೆ ಅಷ್ಟನ್ನೂ ಮಾಡುತ್ತಿದ್ದರು. ಬೀದಿಗೆ ಬೀದಿಯೇ ನಗುತ್ತಿತ್ತು.

"ನಗ್ರಮ್ಮಾ, ನಗ್ರಿ! ಗಾಳಿಗೆ ಬಾಗಿಲು ತಟ್ಟಿ ಬರೋ ಅಭ್ಯಾಸ ಇಲ್ಲ" ಎನ್ನುತ್ತಿದ್ದರು ಅತ್ತೆ.

ಅತ್ತೆ ತೀರಿಕೊಂಡ ಮೇಲೆ, ಎಳೆಮಕ್ಕಳು ಬೆಚ್ಚಿಬೀಳುತ್ತವೆಂದು ಬೀದಿಯವರು ಸೈರನ್ನಿನ ಬಾಯಿಗೆ ಗೋಣಿಚೀಲ ಕಟ್ಟಿಬಿಟ್ಟರು.

ಅವತ್ತು ಮಧ್ಯಾಹ್ನ ಕೂಸಿನ ಪಕ್ಕದಲ್ಲೇ ನನಗೂ ಜೊಂಪು ಹತ್ತಿತ್ತು. ಎಚ್ಚರವಾದಾಗ ಆ ಉರಿಬಿಸಿಲಿನಲ್ಲೂ ನೆಲ ತಣ್ಣಗೆ ಕೊರೆಯುತ್ತಿತ್ತು. ತೆರೆದಿಟ್ಟಿದ್ದ ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲ ಸಂದಿಯಲ್ಲಿ ಒದ್ದೆ ಬಟ್ಟೆ. ಅತ್ತೆ ಹಾಕುತ್ತಿದ್ದಂತೆಯೇ ಎರಡೂ ತುದಿಗೆ ಗಂಟು. ಹೆದರಿ ಹೊರಗೋಡಲು ನೋಡಿದರೆ ಚಿಲಕ ಮಂಜುಗಡ್ಡೆಯಂತಿತ್ತು, ಮಿಸುಕಲಿಲ್ಲ.

ಸಂಜೆ ಯಾರೋ ಬಾಗಿಲು ಬಡಿದರು. ಚಿಲಕ ಸಲೀಸಾಗಿ ಸರಿಯಿತು. ಹೊರಗೆ ಸ್ಥಾವರದ ತಂತ್ರಜ್ಞ, ಕೈಯಲ್ಲಿ ಗಾಳಿ ಅಳೆಯುವ ಯಂತ್ರ.

"ಮಧ್ಯಾಹ್ನ ಸೋರಿಕೆ ಆಗಿತ್ತಮ್ಮಾ. ಗೋಣಿಚೀಲದೊಳಗೆ ಸೈರನ್ ಕೂಗಿದ್ದು ಯಾರಿಗೂ ಕೇಳಿಸ್ಲಿಲ್ಲ, ಬೀದಿಯವರನ್ನೆಲ್ಲ ಆಸ್ಪತ್ರೆಗೆ ಸಾಗಿಸಿದ್ದೀವಿ. ನಿಮ್ಮನೆ ಒಂದೇ ಮುಚ್ಚಿತ್ತು. ಯಾರು ಹೇಳಿಕೊಟ್ರು?"

"ನಮ್ಮತ್ತೆ" ಎಂದೆ. ಬೇರೇನು ಹೇಳಲಿ?

ದೇವರು ದೊಡ್ಡವನು, ಆಸ್ಪತ್ರೆಗೆ ಹೋದವರೆಲ್ಲ ಹುಷಾರಾಗಿ ವಾಪಸು ಬಂದರು. ಗೋಣಿಚೀಲವನ್ನು ಅವರೇ ಬಿಚ್ಚಿದರು. ಈಗ ಸೈರನ್ ಕೂಗಿದರೆ ನಗುವವರಿಲ್ಲ. ನನ್ನ ಕೂಸು ಅದೇ ಹೊಸ್ತಿಲು ದಾಟಿ ಓಡಾಡುತ್ತಿದೆ. ಅತ್ತೆಯ ಋಣ ಈ ಜನ್ಮಕ್ಕೆ ತೀರುವಂಥದ್ದಲ್ಲ.

ಆ ಬಟ್ಟೆಯನ್ನು ದಿನಾ ಕೈಮುಗಿದು ಬಿಸಿಲಿಗೆ ಹರವುತ್ತೇನೆ. ಇವತ್ತಿಗೂ ಒಣಗಿಲ್ಲ.